ಹುರುಳಿಗೂ ಯಕೃತ್ತಿಗೂ ಗೊತ್ತಿರುವ ಸಕ್ಕರೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಕಳಿಸಿದ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಎರಡು ಮೂರು ಬಾರಿ ನೋಡಿದೆ. ಎಡಗಡೆ ಅಳತೆಗೆಂದು ಹಾಕಿದ ಪ್ರೋಟೀನುಗಳ ಪಟ್ಟೆಗಳು ಗೆರೆ ಎಳೆದಂತೆ ನಿಂತಿವೆ. ನಿನ್ನ ಗ್ರಾಹಕದ, ಅಂದರೆ ಯಕೃತ್ತಿನ ಜೀವಕೋಶದ ಮೇಲೆ ನಿಂತು ಸಕ್ಕರೆಯನ್ನು ಹಿಡಿಯುವ ಆ ಪ್ರೋಟೀನಿನ ಸಾಲಿನಲ್ಲಿ ಮಾತ್ರ ಒದ್ದೆ ಬಟ್ಟೆಯ ಮೇಲೆ ಶಾಯಿ ಹರಡಿದ ಹಾಗೆ ಒಂದು ಉದ್ದನೆಯ ಮಸುಕು. ಅದರ ಕೆಳಗೆ ನೀನು ‘ಮತ್ತೆ ಕೆಟ್ಟಿತು’ ಎಂದು ಬರೆದಿದ್ದೆ. ಆ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿಬಿಟ್ಟರೆ ಅದರ ಮೇಲೆ ಅಂಟುವ ಸಕ್ಕರೆಯ ಗೋಜೇ ಇರುವುದಿಲ್ಲ ಎಂದು ಪ್ರಯೋಗಾಲಯದ ಗೆಳೆಯರು ಹೇಳುತ್ತಿದ್ದಾರೆ ಎಂದೂ ಫೋನಿನಲ್ಲಿ ಹೇಳಿದೆ. ಆ ಹೊತ್ತಿಗೆ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿ, ನೀನು ಇಲ್ಲಿ ಬಿಟ್ಟುಹೋದ ಬಯೋಕೆಮಿಸ್ಟ್ರಿ ಪುಸ್ತಕವನ್ನೂ ತಿರುವಿಹಾಕಿ, ಈಗ ಕುಳಿತು ಬರೆಯುತ್ತಿದ್ದೇನೆ.

ನನ್ನ ಮಟ್ಟಿಗೆ ಅದು ಕೆಟ್ಟಿಲ್ಲ. ಗ್ಲೈಕೋಪ್ರೋಟೀನು, ಅಂದರೆ ಸಕ್ಕರೆ ಅಂಟಿದ ಪ್ರೋಟೀನು, ಎಂದರೆ ಹಾಗೆಯೇ ಅಲ್ಲವೇ? ಅಮೈನೋ ಆಮ್ಲಗಳ ಸರಪಳಿ ಎಲ್ಲ ಅಣುಗಳಲ್ಲೂ ಒಂದೇ ಆಗಿದ್ದರೂ, ಅದರ ಮೇಲಿನ ಸಕ್ಕರೆಯ ಕವಲುಗಳು ಒಂದರಲ್ಲಿ ಎರಡಿದ್ದರೆ ಇನ್ನೊಂದರಲ್ಲಿ ಮೂರು, ಒಂದರ ತುದಿಯಲ್ಲಿ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಇದ್ದರೆ ಇನ್ನೊಂದರ ತುದಿ ಬರಿದು. ಪ್ರೋಟೀನಿಗೆ ಜೀನಿನಲ್ಲಿ ಅಚ್ಚು ಇದೆ. ಸಕ್ಕರೆಗೆ ಅಂಥ ಅಚ್ಚು ಇಲ್ಲ. ಜೀವಕೋಶದೊಳಗಿನ ಕಿಣ್ವಗಳು ಒಂದಾದ ಮೇಲೊಂದು ಬಂದು, ಸಿಕ್ಕಷ್ಟು ಹೊತ್ತಿನಲ್ಲಿ, ಸಿಕ್ಕ ಸಾಮಗ್ರಿಯಿಂದ ಅದನ್ನು ಕಟ್ಟುತ್ತವೆ. ಹಾಗೆ ಕಟ್ಟಿದ ಸಾವಿರಾರು ಅಣುಗಳನ್ನು ಒಂದೇ ಸಾಲಿನಲ್ಲಿ ಓಡಿಸಿದಾಗ ಅವೆಲ್ಲ ಒಂದೇ ಗೆರೆಗೆ ಬಂದು ನಿಲ್ಲುವುದಾದರೂ ಹೇಗೆ?

ನನಗೆ ಈ ಸಕ್ಕರೆಗಳ ಪರಿಚಯವಾದದ್ದು ಪುಸ್ತಕದಿಂದಲ್ಲ, ಹುರುಳಿ ಕಾಳಿನಿಂದ. ಬ್ಲಡ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಎ ಗುಂಪಿನ ರಕ್ತದಲ್ಲಿ ಎ1 ಯಾವುದು, ಎ2 ಯಾವುದು ಎಂದು ಬೇರ್ಪಡಿಸಲು ಬೇಕಾದ ದ್ರಾವಣ ಸಮಯಕ್ಕೆ ಸಿಗದಿದ್ದಾಗ, ನಾವೇ ಅದನ್ನು ತಯಾರಿಸಿಕೊಳ್ಳುತ್ತಿದ್ದೆವು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಹುರುಳಿ ತೆಗೆದುಕೊಂಡು ಹೋಗಿ, ನುಣ್ಣಗೆ ಪುಡಿ ಮಾಡಿ, ಸಲೈನಿನಲ್ಲಿ ನೆನೆಸಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸೋಸಿಕೊಳ್ಳುವುದು. ಅಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಆ ತಿಳಿ ಗಟ್ಟಿಯಾಗಿದ್ದರೆ ಎ2 ಕಣಗಳನ್ನೂ ಹಿಡಿದುಬಿಡುತ್ತದೆ. ಹಾಗಾಗಿ ಗೊತ್ತಿರುವ ಎ1 ಮತ್ತು ಎ2 ರಕ್ತವನ್ನು ಪಕ್ಕದಲ್ಲಿಟ್ಟುಕೊಂಡು, ಎ1 ಮಾತ್ರ ಗಟ್ಟಿಯಾಗಿ ಗಂಟುಕಟ್ಟಿ ಎ2 ಸುಮ್ಮನೆ ಉಳಿಯುವ ತನಕ ಅದನ್ನು ತೆಳುಮಾಡುತ್ತಾ ಹೋಗಬೇಕು. ತೊಳೆದ ರಕ್ತಕಣದ ಒಂದು ಹನಿ, ಹುರುಳಿ ತಿಳಿಯ ಒಂದು ಹನಿ. ತಿರುಗಿಸಿ ತೆಗೆದು ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ, ತಳದಲ್ಲಿ ಕುಳಿತ ಕೆಂಪು ಗುಂಡಿ ಒಂದೋ ಹೊಗೆಯ ಹಾಗೆ ಎದ್ದು ಕರಗುತ್ತದೆ, ಇಲ್ಲವೇ ಒಡೆಯದ ಗಂಟಾಗಿ ಜಾರುತ್ತದೆ. ಮನೆಯಲ್ಲಿ ಬಸ್ಸಾರಿಗೆ ಬೇಯುವ ಅದೇ ಕಾಳು ಮನುಷ್ಯರ ರಕ್ತವನ್ನು ಗುರುತಿಸುತ್ತದೆ ಎಂಬುದನ್ನು ಮೊದಲ ಬಾರಿ ಕಣ್ಣಾರೆ ನೋಡಿದ ದಿನ ನನಗೆ ಊಟದ ಮೇಲೆ ಗಮನವೇ ಇರಲಿಲ್ಲ. (ಬೆಂದ ಕಾಳಿನಲ್ಲಿ ಆ ಗುಣ ಉಳಿಯುವುದಿಲ್ಲ, ಶಾಖಕ್ಕೆ ಆ ಪ್ರೋಟೀನು ಕೆಡುತ್ತದೆ.)

ಹುರುಳಿಯ ಈ ಗುಣವನ್ನು ಜಿ. ಡಬ್ಲ್ಯು. ಜಿ. ಬರ್ಡ್ ಅವರು ವರದಿ ಮಾಡಿದ್ದು 1951ರಲ್ಲಿ, ನೀನೀಗ ಇರುವ ಬೆಂಗಳೂರಿನಿಂದಲೇ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಹುರುಳಿಯಲ್ಲಿರುವ ಲೆಕ್ಟಿನ್, ಅಂದರೆ ಸಕ್ಕರೆಯನ್ನು ಹಿಡಿಯುವ ಪ್ರೋಟೀನು, ಹಿಡಿಯುವುದು ಒಂದೇ ಒಂದು ಸಕ್ಕರೆಯನ್ನು, ಎನ್-ಅಸಿಟೈಲ್ ಗ್ಯಾಲಕ್ಟೋಸಮೈನನ್ನು. ಎ ಗುಂಪಿನ ಸರಪಳಿಯ ತುದಿಯಲ್ಲಿ ಇರುವುದು ಅದೇ; ಬಿ ಗುಂಪಿನಲ್ಲಿ ಆ ಜಾಗದಲ್ಲಿ ಬರೀ ಗ್ಯಾಲಕ್ಟೋಸ್. ಎರಡಕ್ಕೂ ಇರುವ ವ್ಯತ್ಯಾಸ ಅಸಿಟಮೈಡೋ ಎಂಬ ಪರಮಾಣುಗಳ ಒಂದು ಸಣ್ಣ ಗೊಂಚಲು ಮಾತ್ರ. ಅಷ್ಟನ್ನು ಲೆಕ್ಕಿಸದೆ ರಕ್ತ ಕೊಟ್ಟರೆ ರೋಗಿಯ ಪ್ರಾಣ ಹೋಗಬಹುದು. ಇಷ್ಟು ವರ್ಷ ಆ ಮೇಜಿನ ಮುಂದೆ ನಿಂತವಳಿಗೆ ಸಕ್ಕರೆಯನ್ನು ಪ್ರೋಟೀನಿನ ಮೇಲಿನ ಅಲಂಕಾರ ಎಂದು ಯಾರಾದರೂ ಹೇಳಿದರೆ ಒಪ್ಪಲು ಸಾಧ್ಯವೇ ಇಲ್ಲ.

ಒಮ್ಮೆ ನಾನೇ ತಪ್ಪು ಮಾಡಿದ್ದೆ. ಹುಟ್ಟಿ ಎರಡು ದಿನವಾದ ಕೂಸಿನ ರಕ್ತ ಹುರುಳಿ ತಿಳಿಗೆ ಗಂಟು ಕಟ್ಟಲಿಲ್ಲವೆಂದು ಎ2 ಎಂದು ಬರೆದುಬಿಟ್ಟೆ. ನಮ್ಮ ಹಿರಿಯ ತಂತ್ರಜ್ಞೆ ಅದನ್ನು ಹೊಡೆದುಹಾಕಿ, ಕೂಸಿನ ರಕ್ತಕ್ಕೆ ಈ ಪರೀಕ್ಷೆಯನ್ನು ನಂಬಬಾರದು, ಬೆಳೆದ ಮೇಲೆ ನೋಡಬೇಕು ಎಂದರು. ಹಸುಗೂಸಿನ ಕೆಂಪು ಕಣಗಳ ಮೇಲೆ ಸಕ್ಕರೆಯ ಸರಪಳಿಗಳು ಇನ್ನೂ ಚೆನ್ನಾಗಿ ಕವಲೊಡೆದಿರುವುದಿಲ್ಲ. ತುದಿಗಳೇ ಕಡಿಮೆ ಇರುವುದರಿಂದ ಹುರುಳಿಗೆ ಹಿಡಿತ ಸಿಗುವುದಿಲ್ಲ. ಜೀನು ಹುಟ್ಟಿದ ದಿನವೇ ಪೂರ್ತಿ ಇದೆ, ಸಕ್ಕರೆ ಮಾತ್ರ ಮಗುವಿನ ಜೊತೆಗೆ ಬೆಳೆಯುತ್ತದೆ.

ನಿನ್ನ ಯಕೃತ್ತಿನ ಗ್ರಾಹಕ ಹಿಡಿಯುವುದೂ ಇದೇ ಸಕ್ಕರೆಯನ್ನು ಎಂದು ತಿಳಿದಾಗ ನನಗಾದ ಸಂತೋಷವನ್ನು ಆಗ ನಿನಗೆ ಹೇಳಿರಲಿಲ್ಲ. ಅದು ಗ್ಯಾಲಕ್ಟೋಸನ್ನೂ ಹಿಡಿಯುತ್ತದೆ, ಆದರೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನನ್ನು ಇನ್ನೂ ಬಿಗಿಯಾಗಿ. ಆ ಗ್ರಾಹಕ ಪತ್ತೆಯಾದ ಕಥೆಯನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಆದರೂ ಅದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅದು ಹುಡುಕಿಕೊಂಡು ಹೋದಾಗ ಸಿಕ್ಕಿದ್ದಲ್ಲ. ಅಮೆರಿಕದ ಬೆಥೆಸ್ಡಾದಲ್ಲಿ ಗಿಲ್ಬರ್ಟ್ ಆಶ್‌ವೆಲ್, ನ್ಯೂಯಾರ್ಕಿನಲ್ಲಿ ಅನಾಟೊಲ್ ಮೊರೆಲ್ ಮತ್ತು ಅವರ ಜೊತೆಗಾರರು ರಕ್ತದಲ್ಲಿ ತಾಮ್ರವನ್ನು ಹೊರುವ ನೀಲಿ ಬಣ್ಣದ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಅದಕ್ಕೆ ವಿಕಿರಣದ ಗುರುತು ಹಚ್ಚಬೇಕಿತ್ತು. ಹಚ್ಚಲು ಅನುಕೂಲವಾಗಲೆಂದು ತುದಿಯ ಸಿಯಾಲಿಕ್ ಆಮ್ಲವನ್ನು ತೆಗೆದು ಮೊಲಕ್ಕೆ ಚುಚ್ಚಿದರು. ಮಾಮೂಲಿ ಸೆರುಲೋಪ್ಲಾಸ್ಮಿನ್ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತಿದ್ದರೆ, ಇದು ಕೆಲವೇ ನಿಮಿಷಗಳಲ್ಲಿ ಮಾಯವಾಗಿ ಯಕೃತ್ತಿನಲ್ಲಿ ಸಿಕ್ಕಿತು. ಗುರುತಿನ ಪ್ರಯೋಗವಾಗಿ ನೋಡಿದರೆ ಅದು ಸೋತ ಪ್ರಯೋಗ. ಅವರು ಅದನ್ನು ಎತ್ತಿಟ್ಟು ಬೇರೆ ದಾರಿ ಹಿಡಿಯಬಹುದಿತ್ತು. ಬದಲಿಗೆ, ಸಿಯಾಲಿಕ್ ಆಮ್ಲ ಹೋದ ಮೇಲೆ ಬಯಲಾಗುವ ಗ್ಯಾಲಕ್ಟೋಸನ್ನೂ ತೆಗೆದು ನೋಡಿದರು. ಪ್ರೋಟೀನು ಮತ್ತೆ ರಕ್ತದಲ್ಲೇ ಉಳಿಯಿತು. ಹಾಗಾದರೆ ಯಕೃತ್ತಿನಲ್ಲಿ ಏನೋ ಒಂದು ಆ ಗ್ಯಾಲಕ್ಟೋಸನ್ನೇ ಗುರುತಿಸುತ್ತಿದೆ. ಮೊದಲ ವರದಿ 1968ರದ್ದು. ಗ್ರಾಹಕವನ್ನು ಬೇರ್ಪಡಿಸಿದ್ದು 1974ರಲ್ಲಿ. ಹುರುಳಿ, ಅವರೆ, ಶೇಂಗಾ, ಹಲಸಿನ ಬೀಜದಲ್ಲಿ ಮಾತ್ರವಲ್ಲ, ಪ್ರಾಣಿಯ ಒಡಲಲ್ಲೂ ಲೆಕ್ಟಿನ್ ಇದೆ ಎಂಬುದು ಹೀಗೆ ಗಟ್ಟಿಯಾಯಿತು.

ಅದೇ ಗ್ರಾಹಕದ ಮೇಲಿನ ಸಿಯಾಲಿಕ್ ಆಮ್ಲವನ್ನು ತೆಗೆದಾಗ ಅದು ಹಿಡಿಯುವ ಕೆಲಸವನ್ನೇ ನಿಲ್ಲಿಸಿತು ಎಂಬುದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಅದೂ ಗ್ಲೈಕೋಪ್ರೋಟೀನೇ, ತುದಿ ಬಯಲಾದ ಕೂಡಲೇ ಗ್ರಾಹಕಗಳು ತಮ್ಮತಮ್ಮ ಗ್ಯಾಲಕ್ಟೋಸನ್ನೇ ಹಿಡಿದುಕೊಂಡು ಕುಳಿತುಬಿಟ್ಟವು. ನಿನ್ನ ಗೆಳೆಯರು ಗೋಜು ಎನ್ನುವ ಸಕ್ಕರೆ ಅಲ್ಲಿ ಏನು ಕೆಲಸ ಮಾಡುತ್ತಿದೆ ನೋಡು.

ಬ್ಯಾಕ್ಟೀರಿಯಾದ ದಾರಿ ತಪ್ಪು ಎಂದು ನಾನು ಹೇಳುವುದಿಲ್ಲ. ಸಕ್ಕರೆ ಹಿಡಿಯುವ ತುಣುಕಿನ ಆಕಾರ ಮಾತ್ರ ಬೇಕಿದ್ದರೆ ಅದು ಸಾಕು. ನಿನ್ನ ಗೆಳೆಯರು ಅಷ್ಟರ ಮಟ್ಟಿಗೆ ಸರಿ. ಆದರೆ ನೀನು ಕೇಳಹೊರಟಿರುವುದು ಆ ಗ್ರಾಹಕ ಜೀವಕೋಶದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಹಿಡಿದದ್ದನ್ನು ಒಳಗೆ ಒಯ್ದು ಬಿಟ್ಟು ಹೇಗೆ ಮರಳಿ ಬರುತ್ತದೆ ಎಂಬುದನ್ನು. ಆ ಪ್ರಶ್ನೆಗೆ ಬೋಳು ಪ್ರೋಟೀನಿನಿಂದ ಬಂದ ಉತ್ತರವನ್ನು ನಾನು ನಂಬಲಾರೆ.

ಆ ಪ್ರಶ್ನೆ ಎಷ್ಟು ದೂರ ಹೋಗಿದೆ ಎಂಬುದನ್ನೂ ಮರೆಯಬೇಡ. ಒಂದು ಸಕ್ಕರೆಗಿಂತ ಕವಲೊಡೆದ ಮೂರು ಸಕ್ಕರೆ ಒಟ್ಟಿಗೆ ಬಂದರೆ ಈ ಗ್ರಾಹಕ ಲಕ್ಷಾಂತರ ಪಟ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ವೈ. ಸಿ. ಲೀ ಅವರ ತಂಡ 1980ರ ದಶಕದಲ್ಲಿ ತೋರಿಸಿತು. ಅದನ್ನೇ ಆಧರಿಸಿ, ಆರ್‌ಎನ್‌ಎ ತುಣುಕಿಗೆ ಮೂರು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಜೋಡಿಸಿ ನೇರವಾಗಿ ಯಕೃತ್ತಿಗೆ ಕಳಿಸುವ ಔಷಧಗಳು ಬಂದಿವೆ. ಅವುಗಳಲ್ಲಿ ಒಂದಾದ ಗಿವೋಸಿರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2019ರಲ್ಲಿ. ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್ ಅನ್ನು ಆರಂಭದ ಎರಡು ಚುಚ್ಚುಮದ್ದುಗಳ ನಂತರ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಚರ್ಮದ ಕೆಳಗೆ ಚುಚ್ಚಿದ ಮದ್ದು ಯಕೃತ್ತಿನ ವಿಳಾಸ ಹುಡುಕಿಕೊಂಡು ಹೋಗುವುದು ನನ್ನ ಹುರುಳಿ ಹಿಡಿಯುತ್ತಿದ್ದ ಆ ಸಕ್ಕರೆಯ ಬಲದಿಂದ.

ಗ್ಯಾಲಕ್ಟೋಸ್ ಅಂಟಿಸಿದ ಕಾಳುಗಳನ್ನು ತುಂಬಿದ ಕೊಳವೆಯಲ್ಲಿ, ಅಂದರೆ ನಿನ್ನ ಕಾಲಮ್ಮಿನಲ್ಲಿ, ಗ್ರಾಹಕ ನಿಲ್ಲದೆ ಹರಿದುಹೋಗುತ್ತಿದೆ ಎಂದೂ ಹೇಳಿದ್ದೆ. ಅದಕ್ಕೆ ನನ್ನದೊಂದು ಅನುಮಾನವಿದೆ. ಇದು ಸಕ್ಕರೆಯನ್ನು ಹಿಡಿಯುವುದು ಕ್ಯಾಲ್ಸಿಯಂ ಇದ್ದರೆ ಮಾತ್ರ. ನಾವು ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಬಳಸುತ್ತಿದ್ದದ್ದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಲಿಕ್ಕೇ. ಜೀವಕೋಶಗಳನ್ನು ಒಡೆಯುವಾಗ ಹಾಕುವ ದ್ರಾವಣದಲ್ಲಿ ಇಡಿಟಿಎ ಸೇರಿದೆಯೇ, ಬಫರಿನಲ್ಲಿ ಫಾಸ್ಫೇಟ್ ಇದ್ದು ಕ್ಯಾಲ್ಸಿಯಂ ತಳಕ್ಕೆ ಇಳಿದುಬಿಟ್ಟಿದೆಯೇ ಎಂದು ಬಾಟಲಿಗಳ ಚೀಟಿಯನ್ನು ಒಮ್ಮೆ ಓದಿ ನೋಡು. ನೀನು ಆಗಲೇ ನೋಡಿದ್ದರೆ ಅಮ್ಮನ ಮಾತನ್ನು ಬಿಟ್ಟುಬಿಡು.

ಊಟ ಬಿಟ್ಟು ರಾತ್ರಿ ಹನ್ನೊಂದರವರೆಗೆ ಪ್ರಯೋಗಾಲಯದಲ್ಲಿ ಕೂರಬೇಡ. ಅಪ್ಪ ಮುಂದಿನ ವಾರ ಬೆಂಗಳೂರಿಗೆ ಬರುವಾಗ ಹುರುಳಿ ಕಾಳು, ಚಟ್ನಿಪುಡಿ ಕೊಟ್ಟು ಕಳಿಸುತ್ತೇನೆ.

ಮುಂದಿನ ಬಾರಿ ಅದೇ ಮಾದರಿಯ ಅರ್ಧ ಭಾಗಕ್ಕೆ ಪಿಎನ್‌ಜೇಸ್ ಎಫ್ ಎಂಬ ಕಿಣ್ವ ಹಾಕಿ ಸಕ್ಕರೆಯನ್ನು ಕತ್ತರಿಸು, ಇನ್ನರ್ಧವನ್ನು ಹಾಗೆಯೇ ಬಿಡು. ಎರಡನ್ನೂ ಪಕ್ಕಪಕ್ಕದ ಸಾಲಿನಲ್ಲಿ ಓಡಿಸು. ಮಸುಕು ಸಕ್ಕರೆಯದ್ದೇ ಆಗಿದ್ದರೆ ಕತ್ತರಿಸಿದ ಸಾಲಿನಲ್ಲಿ ಅದು ಕೆಳಗಿಳಿದು ಒಂದು ಪಟ್ಟೆಯಾಗಿ ನಿಲ್ಲಬೇಕು. ಚಿತ್ರ ಕಳಿಸುವಾಗ ಮಸುಕಾದ ಸಾಲನ್ನು ಕತ್ತರಿಸಿ ತೆಗೆಯಬೇಡ, ಎರಡನ್ನೂ ಸೇರಿಸಿಯೇ ಕಳಿಸು.

ಪ್ರೀತಿಯಿಂದ,
ನಿನ್ನ ಅಮ್ಮ