ಬಿಸಿಯಾಗದ ಎಣ್ಣೆಗೆ ಕೆಂಪು ದೀಪ

ಮಾನ್ಯ ಸಂಪಾದಕರೇ,

ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಎಡ ಮಂಡಿ ಕೈಕೊಟ್ಟ ಮೇಲೆ ಕ್ಲಚ್ ತುಳಿಯಲಾಗದೆ ಮೂರು ವರ್ಷದ ಹಿಂದೆ ಆಟೊಮ್ಯಾಟಿಕ್ ಗೇರಿನ ಪಿಕಪ್ ತೆಗೆದುಕೊಂಡೆ. ಅದು ಹೇಳಿದ ಒಂದು ಸುಳ್ಳಿನಿಂದ ನನ್ನ 14 ಸಾವಿರ ರೂಪಾಯಿ ಹೋಯಿತು. ಇನ್ನೂ 1.80 ಲಕ್ಷ ಹೋಗುವುದರಲ್ಲಿತ್ತು.

ಕಳೆದ ಸೆಪ್ಟೆಂಬರಿನಲ್ಲಿ ತೋಟದ ಕೆಲಸಗಾರರ ಲೈನ್ ಮನೆಗೆಂದು ಬೆಳ್ತಂಗಡಿಯಿಂದ 300 ಹಂಚು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಒಂದು ಹಿಮ್ಮುರಿ ತಿರುವಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಕಾದಿದೆ ಎಂಬ ದೀಪ ಹತ್ತಿಕೊಂಡಿತು. ಗಾಡಿ ಒಂದೇ ಗೇರಿನಲ್ಲಿ ಕಚ್ಚಿಕೊಂಡಿತು. ಮುಂದೆ ಮಂಜು, ಹಿಂದೆ ಬಸ್ಸಿನ ಹಾರ್ನ್. ಹೇಗೋ ಬದಿಗೆ ಹಾಕಿ ಅರ್ಧ ಗಂಟೆ ನಿಂತೆ. ಸೀದ ವಾಸನೆಯಿಲ್ಲ, ಹೊಗೆಯಿಲ್ಲ. ಮತ್ತೆ ಚಾಲು ಮಾಡಿದರೆ ದೀಪವೂ ಇಲ್ಲ! ಏರು, ಹೊರೆ ಎರಡೂ ಇತ್ತಲ್ಲ, ಕಾದಿರಬಹುದು ಅಂದುಕೊಂಡು ಕೊಟ್ಟಿಗೆಹಾರದಲ್ಲಿ ಒಂದು ಕಾಫಿ ಕುಡಿದು ಮನೆಗೆ ಬಂದೆ.

ಆದರೆ ವಾರ ಕಳೆದ ಮೇಲೆ ಬೆಳಗ್ಗೆ ಏಳಕ್ಕೆ, ಖಾಲಿ ಗಾಡಿಯಲ್ಲಿ, ಮನೆಯಿಂದ ಒಂದು ಕಿಲೋಮೀಟರ್ ಹೋಗುವ ಮೊದಲೇ ಅದೇ ದೀಪ. ಅಷ್ಟರಲ್ಲಿ ಬಿಸಿಯಾಗುವುದಕ್ಕೆ ಏನಿದೆ?

ಸರ್ವಿಸ್ ಸೆಂಟರಿನವರು ಮೊದಲ ಸಲ ಆಯಿಲ್ ಬದಲಿಸಿ 14 ಸಾವಿರ ಬಿಲ್ ಮಾಡಿದರು. ಹಳೆ ಆಯಿಲ್ ಇಳಿಸುವಾಗ ನಾನು ಅಲ್ಲೇ ನಿಂತಿದ್ದೆ. ಅದು ಕೆಂಪಗೇ ಇತ್ತು, ಸುಟ್ಟು ಕಪ್ಪಾಗಿರಲಿಲ್ಲ. ಹತ್ತು ದಿನಕ್ಕೆ ದೀಪ ಮತ್ತೆ ಬಂತು. ಈ ಸಲ ಗೇರ್‌ಬಾಕ್ಸ್ ಇಳಿಸಿ ಒಳಗೆ ಆಯಿಲ್ ಹರಿವು ನಿಯಂತ್ರಿಸಿ ಗೇರ್ ಬದಲಿಸುವ ವಾಲ್ವ್ ಬಾಡಿಯನ್ನೇ ಬದಲಿಸಬೇಕು, 1.80 ಲಕ್ಷ ಆಗುತ್ತದೆ ಎಂದರು. ಎಷ್ಟು ಡಿಗ್ರಿ ತೋರಿಸುತ್ತಿದೆ ಅಂತ ಕೇಳಿದೆ. "ಕೋಡ್ ಬಂದಿದೆ ಸಾರ್" ಅಷ್ಟೇ ಉತ್ತರ. ಕೋಡ್ ಅಂದರೆ ಗಾಡಿಯ ಕಂಪ್ಯೂಟರ್ ಕೊಡುವ ದೋಷದ ಸಂಕೇತ. ಡಾಕ್ಟರು ಜ್ವರ ಎಷ್ಟಿದೆ ಅಂತ ಹೇಳದೆ ಆಪರೇಷನ್‌ಗೆ ಬರೆದುಕೊಟ್ಟ ಹಾಗೆ.

ಗಾಡಿ ವಾಪಸ್ ತಂದು ನಮ್ಮೂರಿನ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವನು. "ಗೌಡ್ರೇ, ರಾತ್ರಿ ಗಾಡಿ ಇಲ್ಲೇ ಬಿಡಿ. ಬೆಳಗ್ಗೆ ನಾನು ಬರೋ ತನಕ ಕೀ ಮುಟ್ಬೇಡಿ" ಅಂದ. ಬೆಳಗ್ಗೆ ಎಂಜಿನ್ ಚಾಲು ಮಾಡದೆ, ಬರೀ ಕೀ ತಿರುಗಿಸಿ, ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸ್ಕ್ಯಾನರ್ ಹಾಕಿದ. ಎಂಜಿನ್ ನೀರು 21 ಡಿಗ್ರಿ, ಹೊರಗಿನ ಗಾಳಿ 20, ಗೇರ್‌ಬಾಕ್ಸ್ ಆಯಿಲ್ 21. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕಂತೆ. ಆಮೇಲೆ ಗಾಡಿ ಕೆಳಗೆ ಮಲಗಿ ಗೇರ್‌ಬಾಕ್ಸ್ ಪಕ್ಕದ ವೈರಿಂಗನ್ನು ಕೈಯಲ್ಲಿ ಅಲ್ಲಾಡಿಸಿದ. ನನಗೆ ಸ್ಕ್ಯಾನರ್ ನೋಡಲು ಹೇಳಿದ್ದ. 21 ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 150! ಕೈ ಬಿಟ್ಟರೆ ಮತ್ತೆ 21. "ಬೋಂಡ ಬಾಣಲೆ ಎಣ್ಣೆನೂ ಇಷ್ಟು ಬೇಗ ಕಾಯಲ್ಲ, ಅಲ್ವಾ?" ಅಂತ ಕೆಳಗಿನಿಂದಲೇ ನಕ್ಕ.

ಅವನು ವಿವರಿಸಿದ್ದು ಇಷ್ಟು. ಆಯಿಲ್ ಎಷ್ಟು ಬಿಸಿ ಅಂತ ಅಳೆಯುವ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಕಡಿಮೆಯಾಗುತ್ತದೆ. ಆ ಸೆನ್ಸರಿನ ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಕ್ಲಿಪ್ಪಿಗೆ ಉಜ್ಜಿ ಸವೆದಿತ್ತು. ತಿರುವಿನಲ್ಲಿ, ಗುಂಡಿಯಲ್ಲಿ ತಂತಿ ಗಾಡಿಯ ಲೋಹದ ಮೈಗೆ ತಾಗುತ್ತಿತ್ತು. ಆಗ ರೆಸಿಸ್ಟೆನ್ಸೇ ಇಲ್ಲದಂತಾಗಿ, ಎಣ್ಣೆ ಕುದಿಯುತ್ತಿದೆ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತಿತ್ತು. ಅನುಮಾನ ಬೇಡ ಅಂತ ವೈರನ್ನು ಸೆನ್ಸರಿಗೆ ಜೋಡಿಸುವ ಕಪ್ಲರ್ ಕಳಚಿ ತೋರಿಸಿದ. ಮೈನಸ್ 40 ಬಂತು. ಸಂಪರ್ಕವೇ ಇಲ್ಲದಿದ್ದರೆ ಹಾಗೆ ಬರುತ್ತದೆ. ಇಲಿ ಕಡಿದಿರಬೇಕು, ವೈರ್ ನೋಡಿಸಿ ಅಂತ ನನ್ನ ಹೆಂಡತಿ ಮೊದಲೇ ಹೇಳಿದ್ದಳು. ಇಲಿ ಅಲ್ಲ, ಆದರೆ ವೈರ್ ಅಂದದ್ದು ಸರಿ. ಕಪ್ಲರಿನ ಪಿನ್ನಿಗೆ ಹಿಡಿದಿದ್ದ ಕಿಲುಬನ್ನೂ ಉಜ್ಜಿ ತೆಗೆದು, ವೈರಿನ ಸವೆದ ತುಂಡು ಕತ್ತರಿಸಿ ಹೊಸದು ಜೋಡಿಸಿ, ಮೇಲೆ ಕವಚ ಹಾಕಿ 600 ರೂಪಾಯಿ ತೆಗೆದುಕೊಂಡ.

ಇದನ್ನು ಓದಿ ಯಾರೂ ದೀಪವನ್ನೇ ಕಡೆಗಣಿಸಬೇಡಿ. ನಿಜವಾಗಿ ಕಾದ ಎಣ್ಣೆ ಗೇರ್‌ಬಾಕ್ಸನ್ನೇ ತಿನ್ನುತ್ತದೆ. ದೀಪ ಬಂದರೆ ಮೊದಲು ಗಾಡಿ ಬದಿಗೆ ಹಾಕಿ ನಿಲ್ಲಿಸಿ. ಸೀದ ವಾಸನೆ ಬಂದರೆ, ಎಂಜಿನ್ ಅಬ್ಬರಿಸಿದರೂ ಗಾಡಿ ಎಳೆಯದಿದ್ದರೆ, ಅದು ಸುಳ್ಳು ದೀಪ ಅಲ್ಲ. ನಿಜವಾದ ಬಿಸಿ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಸುಳ್ಳು ಬಿಸಿ ನೆಗೆಯುತ್ತದೆ.

ನನ್ನ ತಕರಾರು ಸರ್ವಿಸ್ ಸೆಂಟರುಗಳ ಮೇಲೆ. ನಮ್ಮೂರಿನ ಆ ಹುಡುಗನ ಸ್ಕ್ಯಾನರಿನಲ್ಲಿ ಕಂಡದ್ದು ಅವರ ದೊಡ್ಡ ಯಂತ್ರದಲ್ಲಿ ಕಾಣದೇ ಇರುತ್ತದೆಯೇ? ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ತಪಾಸಣೆ ಉಪಕರಣ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೆಯಿತು. ಅಷ್ಟು ದೂರದ ಮಾತು ಬಿಡಿ. ಗೇರ್‌ಬಾಕ್ಸ್ ಇಳಿಸುವ ಮುನ್ನ ತಣ್ಣಗಿರುವ ಗಾಡಿಯಲ್ಲಿ ಆ ಮೂರು ಅಂಕಿ ನೋಡಿ, ವೈರ್ ಅಲ್ಲಾಡಿಸಿದಾಗ ಏನಾಯಿತು ಅಂತ ರಿಪೇರಿ ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಬರೆದು ಗಿರಾಕಿಗೆ ಕೊಡಲಿ. ಐದು ನಿಮಿಷದ ಕೆಲಸ. ಕೊಡದಿದ್ದರೆ ಗಾಡಿಯವರು ಸಹಿ ಹಾಕಬಾರದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಾನು 14 ಸಾವಿರದ ಬಿಲ್ಲನ್ನೂ, ಸವೆದ ಆ ಗೇಣುದ್ದದ ವೈರನ್ನೂ ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ಮುಂದಿನ ಸರ್ವಿಸಿಗೆ ಹೋದಾಗ ಕೌಂಟರಿನ ಮೇಲೆ ಎರಡನ್ನೂ ಒಟ್ಟಿಗೆ ಇಡುತ್ತೇನೆ.

– ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ