ಸಲೈನ್ ಬಾಟಲಿ ಆಮೇಲೆ ಎಲ್ಲಿಗೆ ಹೋಗುತ್ತದೆ? ರಾಯಚೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಮ್ಮ ಸಿಂಧನೂರು, ಮಾನ್ವಿ ಕಡೆ ಸ್ವಲ್ಪ ಸುಸ್ತಾದರೂ ಜನ ಡಾಕ್ಟರಿಗೆ ಹೇಳುವುದು ಒಂದೇ ಮಾತು: "ಒಂದು ಸಲೈನ್ ಹಚ್ಚಿಬಿಡ್ರಿ ಸರ್." ಬರೀ ಮಾತ್ರೆ ಬರೆದುಕೊಟ್ಟರೆ ಆ ಡಾಕ್ಟರ ಕೈಗುಣ ಚಲೋ ಇಲ್ಲ! ಹೀಗೆ ಸುಮ್ನೆ ಹಚ್ಚಿಸಿಕೊಂಡ ಪ್ರತಿ ಸಲೈನಿಗೂ ಒಂದು ಬಾಟಲಿ, ಒಂದು ಪೈಪು, ಒಂದು ಸೂಜಿ, ರಕ್ತ ಒರೆಸಿದ ಹತ್ತಿ ಉಳಿಯುತ್ತವೆ.

ಇವನ್ನು ಏನು ಮಾಡಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸ್ಪಷ್ಟವಾಗಿ ಇದೆ. ರಕ್ತದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ಬಾಟಲಿ, ಪೈಪು, ಗ್ಲೌಸು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ತೂತು ಬೀಳದ ಬಿಳಿ ಡಬ್ಬಿಗೆ. ಗಾಜು ನೀಲಿ ಡಬ್ಬಿಗೆ. ರಕ್ತದ ಹತ್ತಿ, ಬ್ಯಾಂಡೇಜನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಒಂದೇ ಕೋಣೆಯ ಕ್ಲಿನಿಕ್ಕಿಗೂ ಇದೇ ನಿಯಮ. ಆದರೆ ಬೆಳಿಗ್ಗೆ ಕಸದ ಆಟೋ ಬಂದಾಗ ಕೆಲವು ಕ್ಲಿನಿಕ್ಕುಗಳಿಂದ ಹೊರಗೆ ಬರುವುದು ಎಲ್ಲ ತುಂಬಿದ ಒಂದೇ ಕರಿ ಚೀಲ.

ಆ ಚೀಲಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹತ್ತಬಹುದು. ಊರ ಹೊರಗೆ ರಾಶಿಗೆ ಬೆಂಕಿ ಬಿದ್ದರೆ ಪಿವಿಸಿ ಪ್ಲಾಸ್ಟಿಕ್ ಸುಟ್ಟು ಡಯಾಕ್ಸಿನ್ ಹೊರಬರುತ್ತದೆ. ಅದು ಕ್ಯಾನ್ಸರ್ ತರುವ ವಿಷ.

ಆಸ್ಪತ್ರೆ ಕಸದಲ್ಲಿ ಸುಮಾರು 85 ಪರ್ಸೆಂಟ್ ಮನೆ ಕಸದಂಥದ್ದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ 15 ಅದಕ್ಕೆ ಬೆರೆತರೆ ಪೂರ್ತಿ ಚೀಲವೇ ಅಪಾಯದ್ದು. ಅದಕ್ಕೇ ಬೇರ್ಪಡಿಸುವ ಕೆಲಸ ರೋಗಿಯ ಮಂಚದ ಪಕ್ಕದಲ್ಲೇ ಮುಗಿಯಬೇಕು, ಅಲ್ವಾ?

ನಿಮಗೇ ಬರೆಯಲು ಕಾರಣವಿದೆ. ಇದರ ಮೇಲೆ ಕಣ್ಣಿಡುವ ಜಿಲ್ಲಾ ಸಮಿತಿ ಜಿಲ್ಲಾಡಳಿತದ ಕೈಯಲ್ಲೇ ಇದೆ. ಅದು ಆರು ತಿಂಗಳಿಗೊಮ್ಮೆ ರಾಜ್ಯಕ್ಕೆ ವರದಿ ಕೊಡಬೇಕು. ಆ ವರದಿಯನ್ನು ಕನ್ನಡದಲ್ಲಿ, ತಾಲ್ಲೂಕುವಾರು ಜನರ ಮುಂದಿಡಿ. ಯಾವ ತಾಲ್ಲೂಕಿನಲ್ಲಿ ಎಷ್ಟು ಕ್ಲಿನಿಕ್ಕುಗಳು ಆಸ್ಪತ್ರೆ ಕಸ ವಿಲೇವಾರಿ ಮಾಡುವ ಸಂಸ್ಕರಣಾ ಘಟಕದ ಗಾಡಿಗೆ ಕಸ ಕೊಡುತ್ತಿವೆ, ಎಷ್ಟು ಕೊಡುತ್ತಿಲ್ಲ ಎಂದು ಅದರಲ್ಲಿ ಬರೆಸಿ. ಆಸ್ಪತ್ರೆ ಕಸ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕೆಂದು ನಿಯಮವೇ ಹೇಳುತ್ತದೆ. ಕಸದ ಆಟೋದವರಿಗೂ ಅದನ್ನು ಹಾಕಿಸಿ.

ಇನ್ನು ಸಲೈನ್ ಹುಚ್ಚು. ಅದಕ್ಕೆ ದಂಡ ಹಾಕಲು ಬರುವುದಿಲ್ಲ. ಮಾತ್ರೆ ನುಂಗಲು, ನೀರು ಕುಡಿಯಲು ಆಗುವವರಿಗೆ ಸಾಮಾನ್ಯವಾಗಿ ಸಲೈನ್ ಬೇಕಿಲ್ಲ ಎಂದು ಪ್ರತಿ ಪಿಎಚ್‌ಸಿ ಗೋಡೆ ಮೇಲೆ ಬರೆಸಿ. ಆಶಾ ಅಕ್ಕಂದಿರ ಬಾಯಲ್ಲೂ ಹೇಳಿಸಿ. ಅವರ ಮಾತನ್ನು ನಮ್ಮ ಜನ ಕೇಳುತ್ತಾರೆ.

ಇಂತಿ,
ಸಿಂಧನೂರಿನ ಒಬ್ಬ ನಾಗರಿಕ