ಹೊಳೆಯ ತಿರುವನ್ನು ವಾಪಸ್ ಕೊಡಿ: ನಮ್ಮ ಕ್ಷೇತ್ರದ ಜನಪ್ರತಿನಿಧಿಗೊಂದು ಬಹಿರಂಗ ಪತ್ರ

ಮಾನ್ಯ ಜನಪ್ರತಿನಿಧಿಗಳೇ,

ನಮಸ್ಕಾರ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಪ್ರತಿ ಅರ್ಜಿಗೂ ಸ್ವೀಕೃತಿಯ ಮೊಹರು ಬಿದ್ದಿದೆ, ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಕೇಳುವುದು ಇಷ್ಟೇ: ನಮ್ಮ ಹೊಲಗಳ ನಡುವೆ ಹರಿಯುವ ಹೊಳೆಯ ಹಳೇ ತಿರುವನ್ನು ತೆರೆಸಿಕೊಡಿ. ಹೊಳೆಯೊಳಗೆ ಜೆಸಿಬಿ ಇಳಿಸುವುದನ್ನು ನಿಲ್ಲಿಸಿ.

ಯಾವ ತಿರುವು ಅಂತ ನಿಮಗೆ ಗೊತ್ತು. ಸರ್ಕಾರದ ನಕ್ಷೆಯಲ್ಲಿ ಇವತ್ತಿಗೂ ಅದು ಹೊಳೆಯೇ. ನೆಲದ ಮೇಲೆ ಮಾತ್ರ ಹೂಳು ಸುರಿದ ತಗ್ಗು. ನಿಯಮಗಳನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅವು ನನಗಿಂತ ಚೆನ್ನಾಗಿ ನಿಮಗೇ ಗೊತ್ತಿವೆ.

ಹೋದ ವರ್ಷ ನಡೆದದ್ದನ್ನು ಮಾತ್ರ ಸ್ವಲ್ಪ ಉದ್ದಕ್ಕೇ ಹೇಳಬೇಕು. ಬೇಜಾರಾದರೂ ಓದಿ.

ಮೀನು ಮೊಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಹೂಳೆತ್ತುವ ಯಂತ್ರ ಬಂತು. ನಮಗೆ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ತಳದಲ್ಲಿದ್ದ ಜಲ್ಲಿಕಲ್ಲನ್ನೆಲ್ಲ ಬಾಚಿ ದಡಕ್ಕೆ ಸುರಿದರು. ಆ ಕಲ್ಲುಗಳ ಸಂದಿಯಲ್ಲೇ ಮೊಟ್ಟೆ ಇರುತ್ತೆ, ನೀರಿನ ಹುಳುಗಳೂ ಅಲ್ಲೇ ಬದುಕುತ್ತವೆ ಅಂತ ಹೇಳಿದೆ. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ. ಆಮೇಲೆ ದಡದ ಮರಗಳು. ಬೇರು ಸಮೇತ ಕಿತ್ತರು. ಸಂಜೆಗೆ ಹೊಳೆ ಗೆರೆ ಎಳೆದ ಹಾಗೆ ನೆಟ್ಟಗಾಗಿತ್ತು.

ಮೊದಲ ದೊಡ್ಡ ಮಳೆಗೆ ದಡ ಕುಸಿಯಿತು. ಕುಸಿದದ್ದು ನನ್ನ ಹೊಲದ ಅಂಚು. ನಿಂತ ಬೆಳೆ ನೀರಿಗೆ ಹೋಯಿತು, ಪಂಪಿನ ಪೈಪೂ ಹೋಯಿತು. ಪರಿಹಾರ ಕೇಳಿದರೆ "ನೈಸರ್ಗಿಕ ಕಾರಣ" ಅಂದರು. ಸರಿ, ನಾನೇ ಏನಾದರೂ ಮಾಡೋಣ ಅಂತ ಕೊಂಬೆಗಳ ಹೊರೆ ಕಟ್ಟಿ ದಡದ ಬುಡಕ್ಕೆ ಗೂಟ ಹೊಡೆದು ಕೂರಿಸಿದೆ. ಮಣ್ಣು ಹಿಡಿಯಲಿ ಅಂತ ಮೇಲೆ ಸಸಿ ನೆಟ್ಟೆ.

ಆಗ ಬಂತು ನೋಟಿಸ್. ಹೊಳೆಯ ಹರಿವಿಗೆ ಅಡ್ಡಿ ಮಾಡಿದ್ದೇನಂತೆ! ಒಬ್ಬ ಅಧಿಕಾರಿ ಟೇಪು ಹಿಡಿದು ಬಂದು ನನ್ನ ಮೊಳಕಾಲುದ್ದದ ಸಸಿಗಳನ್ನು ಅಳೆದರು. ಹಾಗೇ ಬಿದ್ದ ದಡವನ್ನೂ ಅಳೆಯಿರಿ ಸ್ವಾಮಿ ಅಂದೆ. "ಅದು ನಮ್ಮ ಸೆಕ್ಷನ್ ಅಲ್ಲ" ಅಂದರು. ಮರ ಕಿತ್ತವರಿಗೆ ಬಿಲ್ ಹಣ, ಸಸಿ ನೆಟ್ಟವನಿಗೆ ನೋಟಿಸ್. ನಿಮ್ಮ ಆಡಳಿತದ ಚುರುಕುತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೊಳೆಯನ್ನು ನೆಟ್ಟಗೆ ಮಾಡಿದರೆ ಅದರ ಉದ್ದ ಕಡಿಮೆಯಾಗುತ್ತೆ, ಇಳಿಜಾರು ಜಾಸ್ತಿಯಾಗುತ್ತೆ. ನೀರು ಜೋರಾಗಿ ನುಗ್ಗಿ ತಳ ಕೊರೆಯುತ್ತೆ. ತಳ ಇಳಿದರೆ ದಡ ನಿಲ್ಲುವುದಿಲ್ಲ, ಪಕ್ಕದ ಹೊಲದ ಅಂತರ್ಜಲವೂ ಇಳಿಯುತ್ತೆ. ಇನ್ನು ಅಗಲ ಮಾಡಿದ ಕಡೆ, ನೀರು ಕಡಿಮೆ ಇರುವ ಕಾಲದಲ್ಲಿ ಹರಿವು ನಿಧಾನವಾಗಿ ಹೂಳು ಕೂರುತ್ತೆ. ಹೂಳು ಕೂತಿದೆ ಅಂತ ಮತ್ತೆ ಯಂತ್ರ. ಮತ್ತೆ ಟೆಂಡರ್. ಇದರಲ್ಲಿ ಯಾರಿಗೆ ಲಾಭ ಅಂತ ನಾನು ಕೇಳುವುದಿಲ್ಲ ಬಿಡಿ.

ಬೇರೆಯವರು ಇದನ್ನೆಲ್ಲ ಮಾಡಿ ಕೈಸುಟ್ಟುಕೊಂಡಾಗಿದೆ. ಡೆನ್ಮಾರ್ಕಿನ ಸ್ಕೆರ್ನ್ ನದಿಯನ್ನು 1960ರ ದಶಕದಲ್ಲಿ ಬೇಸಾಯಕ್ಕೆ ಅಂತಲೇ ನೆಟ್ಟಗೆ ಮಾಡಿದರು. ನೀರು ಬಸಿದ ನೆಲ ಕುಗ್ಗುತ್ತಾ ಬಂತು, ನದಿ ಸೇರುವ ಕಡೆ ಮಾಲಿನ್ಯ ಹೆಚ್ಚಿತು. ಕೊನೆಗೆ ಸರ್ಕಾರವೇ ಜಮೀನು ಪಡೆದು, 1999ರಿಂದ 2002ರ ನಡುವೆ 19 ಕಿಲೋಮೀಟರ್ ನೇರ ಕಾಲುವೆಯನ್ನು ಸುಮಾರು 26 ಕಿಲೋಮೀಟರ್ ಸುತ್ತಿ ಬಳಸಿ ಹರಿಯುವ ನದಿಯಾಗಿ ಮಾಡಿತು. ಅವರು ಅಷ್ಟು ದೊಡ್ಡ ನದಿಯನ್ನೇ ತಿರುಗಿಸಿದರು. ನಾನು ಕೇಳುತ್ತಿರುವುದು ಒಂದು ಚಿಕ್ಕ ಹೊಳೆಯ ಒಂದೇ ಒಂದು ತಿರುವು.

ಹಾಳಾದ ಪರಿಸರದ ಶೇ. 30ರಷ್ಟನ್ನಾದರೂ 2030ರೊಳಗೆ ಸರಿಪಡಿಸುವ ಕೆಲಸಕ್ಕೆ ಒಳಪಡಿಸಬೇಕು ಅಂತ 2022ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿಕೊಂಡವು. ಅದರಲ್ಲಿ ನದಿ, ಕೆರೆಗಳೂ ಸೇರಿವೆ. ಪರಿಸರ ದಿನದ ಭಾಷಣಗಳಲ್ಲಿ ಇಂಥ ಗುರಿಗಳ ಹೆಸರು ಚೆನ್ನಾಗಿ ಕೇಳಿಸುತ್ತೆ. ನಮ್ಮ ಹೊಳೆಯವರೆಗೆ ಯಾಕೆ ಬರುವುದಿಲ್ಲ?

ತಿರುವು ತೆರೆಯಿರಿ. ಬಾಚಿದ ಜಲ್ಲಿಯನ್ನು ತಳಕ್ಕೆ ವಾಪಸ್ ಹಾಕಿಸಿ. ಅದು ಇನ್ನೂ ದಡದಲ್ಲೇ ಬಿದ್ದಿದೆ, ಹೊಸದು ತರುವುದೂ ಬೇಡ. ಅಲ್ಲಲ್ಲಿ ಮರದ ದಿಮ್ಮಿ ಗಟ್ಟಿಯಾಗಿ ಕೂರಿಸಿದರೆ ಮಡು ತಾನಾಗಿ ಆಗುತ್ತೆ. ಎರಡೂ ದಡದಲ್ಲಿ ಉಳುಮೆ ಮಾಡದ ಪಟ್ಟಿ ಬಿಡಬೇಕು. ಹೊಲದಿಂದ ಕೊಚ್ಚಿ ಬರುವ ಮಣ್ಣು, ಗೊಬ್ಬರ ಅಲ್ಲೇ ನಿಲ್ಲುತ್ತೆ. ನನ್ನ ಪಾಲಿನ ಪಟ್ಟಿ ಬಿಡಲು ನಾನು ತಯಾರಿದ್ದೇನೆ. ಎಲ್ಲರೂ ಸುಮ್ನೆ ಬಿಡುತ್ತಾರೆ ಅಂದುಕೊಳ್ಳಬೇಡಿ, ತುಂಡು ಜಮೀನಿನವರಿಗೆ ಪರಿಹಾರ ಕೊಡಲೇಬೇಕು. ತಿರುವು ತೆರೆದರೆ ಮಳೆಗಾಲದಲ್ಲಿ ತಗ್ಗಿನ ಹುಲ್ಲುಗಾವಲಿಗೆ ನೀರು ಹತ್ತುತ್ತೆ, ಅದೂ ನಿಜ. ಹತ್ತಲಿ. ಅಲ್ಲಿ ನಿಂತಷ್ಟು ನೀರು ಕೆಳಗಿನ ಊರಿಗೆ ಒಮ್ಮೆಲೇ ನುಗ್ಗುವುದಿಲ್ಲ ಅಲ್ವಾ?

ಈ ಸಲದ ಹೂಳೆತ್ತುವ ಕಡತ ಸಹಿಗೆ ಕಾದಿದೆ ಅಂತ ಕೇಳಿದೆ. ದಯವಿಟ್ಟು ಅದನ್ನು ತಡೆಯಿರಿ. ತಿರುವು ತೆರೆಯುವ ಆದೇಶ ಕೊಡಿಸಿ. ಅದಕ್ಕೂ ಮೊದಲು ಒಮ್ಮೆ ಬಂದು ನೋಡಿ. ಕಾರು ದಡದವರೆಗೂ ಬರುತ್ತೆ, ಅಡ್ಡ ಬರಲು ಈಗ ಒಂದು ಮರವೂ ಇಲ್ಲ.

ಇಂತಿ,
ಹೊಳೆ ಪಕ್ಕದ ಹೊಲದ ಒಬ್ಬ ರೈತ

ಮರೆತಿದ್ದೆ: ಆ ನೋಟಿಸಿಗೂ ಇದೇ ನನ್ನ ಉತ್ತರ. ಸಸಿಗಳನ್ನು ಕಿತ್ತಿಲ್ಲ, ಕೀಳುವುದೂ ಇಲ್ಲ.